ನಿಂತುಕೊಂಡು ಮೀಟಿಂಗ್ ಮಾಡಿದರೆ ಸಾಫ್ಟ್‌ವೇರ್ ಬೇಗ ಮುಗಿಯುತ್ತದೆಯೇ?

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರು ಮನೆಯಲ್ಲೊಬ್ಬರಿದ್ದರೆ 'ಸ್ಟ್ಯಾಂಡ್-ಅಪ್', 'ಸ್ಪ್ರಿಂಟ್', 'ರೆಟ್ರೊ' ಎಂಬ ಪದಗಳು ನಿಮ್ಮ ಕಿವಿಗೂ ಬಿದ್ದಿರುತ್ತವೆ. ಬಾಗಿಲು ಹಾಕಿಕೊಂಡ ಕೋಣೆಯಿಂದ "ನಿನ್ನೆ ಇಷ್ಟು ಮುಗಿಸಿದೆ, ಇವತ್ತು ಇದನ್ನ ಮಾಡ್ತೀನಿ, ಬ್ಲಾಕರ್ ಏನೂ ಇಲ್ಲ" ಎಂಬ ಮಾತು ದಿನವೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಈ ಪದ್ಧತಿಗಳಿಗೆಲ್ಲ ಸೇರಿ ಇರುವ ಹೆಸರು 'ಅಜೈಲ್', ಅಂದರೆ ಚುರುಕು. ಬೆಂಗಳೂರಿನ ಬಹುಪಾಲು ಸಾಫ್ಟ್‌ವೇರ್ ತಂಡಗಳು ಇಂದು ತಮ್ಮನ್ನು ಕರೆದುಕೊಳ್ಳುವುದು ಇದೇ ಹೆಸರಿನಿಂದ.

ಚುರುಕಾಗಿದ್ದರೆ ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ತೆರೆದೇ ಇರುವುದೇಕೆ? ಎರಡು ವಾರಕ್ಕೊಮ್ಮೆ ಬರುವ ಗಡುವು ಎರಡು ವಾರಕ್ಕೊಮ್ಮೆ ತಪ್ಪುವುದೇಕೆ? ಇದು ಟೆಕ್ಕಿಗಳ ಗೊಣಗಾಟ ಮಾತ್ರ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಬ್ಯಾಂಕಿನ ಆ್ಯಪ್, ರೈಲು ಟಿಕೆಟ್, ಆಸ್ಪತ್ರೆಯ ಬಿಲ್ಲು ಎಲ್ಲವೂ ಇಂಥ ತಂಡಗಳ ಕೈಯಿಂದಲೇ ಬರುತ್ತವೆ. ಹಾಗಾಗಿ ಈ ಪದ್ಧತಿಗಳಲ್ಲಿ ಯಾವುದಕ್ಕೆ ಪುರಾವೆ ಇದೆ, ಯಾವುದು ಬರಿಯ ವಾಡಿಕೆ ಎಂದು ನಾವು ಈ ಬರಹದಲ್ಲಿ ನೋಡೋಣ.

ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದೂರಿನಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಸೇರಿ ಒಂದು ಪುಟ್ಟ ಘೋಷಣೆಯನ್ನು ಬರೆದರು. ದಪ್ಪ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರ್ ಮುಖ್ಯ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ ಎಂಬಂಥ ನಾಲ್ಕು ಮೌಲ್ಯಗಳು, ಅವುಗಳ ಹಿಂದೆ 12 ತತ್ವಗಳು. 'ಸ್ಕ್ರಮ್' ಎಂಬ ಪದ್ಧತಿ ಅದಕ್ಕೂ ಮೊದಲೇ ಇತ್ತು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ಅದನ್ನು 1995ರಲ್ಲೇ ಒಂದು ಸಮ್ಮೇಳನದಲ್ಲಿ ಮಂಡಿಸಿದ್ದರು. ರಗ್ಬಿ ಆಟದಿಂದ ಬಂದ ಆ ಹೆಸರಿನ ಮೂಲ 1986ರಲ್ಲಿ ಇಬ್ಬರು ಜಪಾನಿ ವಿದ್ವಾಂಸರು ಬರೆದ ಲೇಖನ. ಆ ಲೇಖನ ಕಾರು, ಕ್ಯಾಮೆರಾ, ಫೋಟೊಕಾಪಿ ಯಂತ್ರಗಳನ್ನು ರೂಪಿಸಿದ ತಂಡಗಳ ಬಗ್ಗೆ ಇತ್ತು, ಸಾಫ್ಟ್‌ವೇರ್ ಬಗ್ಗೆ ಅಲ್ಲ.

ಅಜೈಲ್ ಘೋಷಣೆ ಅನುಭವಸ್ಥರ ಅಭಿಪ್ರಾಯ. ಅದು ಪ್ರಯೋಗದ ಫಲಿತಾಂಶವಾಗಿರಲಿಲ್ಲ. ಅನುಭವಸ್ಥರ ಮಾತು ತಪ್ಪೇ ಆಗಿರಬೇಕೆಂದೇನಿಲ್ಲ, ಆದರೆ ಪರೀಕ್ಷೆಗೆ ಒಡ್ಡಬೇಕು. ಔಷಧಿಯಾದರೆ ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಒಂದೇ ಸಾಫ್ಟ್‌ವೇರನ್ನು ಎರಡು ತಂಡಗಳಿಂದ ಎರಡು ರೀತಿಯಲ್ಲಿ ವರ್ಷಗಟ್ಟಲೆ ಬರೆಸಿ ನೋಡುವ ಕಂಪನಿ ಎಲ್ಲಿದೆ? ಹಾಗಾಗಿ ಈ ಕ್ಷೇತ್ರದ ಬಹಳಷ್ಟು ಪ್ರಯೋಗಗಳು ವಿದ್ಯಾರ್ಥಿಗಳ ಮೇಲೆ ನಡೆದವು, ಉಳಿದವು ಉದ್ಯೋಗಿಗಳೇ ತುಂಬಿಕೊಟ್ಟ ಪ್ರಶ್ನಾವಳಿಗಳು. ಮುಂದಿನದನ್ನು ಓದುವಾಗ ಈ ಮಿತಿ ನೆನಪಿರಲಿ.

ಮೊದಲು ಶೀರ್ಷಿಕೆಯ ಪ್ರಶ್ನೆಯನ್ನೇ ಮುಗಿಸಿಬಿಡೋಣ. 1999ರಲ್ಲಿ ಅಮೆರಿಕದಲ್ಲಿ ಬ್ಲೂಡಾರ್ನ್ ಮತ್ತು ಸಂಗಡಿಗರು ಐದೈದು ಜನರ 111 ಗುಂಪುಗಳಿಗೆ ಒಂದೇ ಸಮಸ್ಯೆಯನ್ನು ಕೊಟ್ಟರು. ಅರ್ಧದಷ್ಟು ಗುಂಪುಗಳು ನಿಂತು ಚರ್ಚಿಸಿದವು, ಉಳಿದವು ಕುಳಿತು. ಕುಳಿತವರ ಸಭೆ 34% ಹೆಚ್ಚು ಹೊತ್ತು ನಡೆಯಿತು, ಆದರೆ ನಿರ್ಧಾರದ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಂತರೆ ಮೀಟಿಂಗ್ ಬೇಗ ಮುಗಿಯುತ್ತದೆ. ಸಾಫ್ಟ್‌ವೇರ್ ಬೇಗ ಮುಗಿಯುತ್ತದೆ ಎಂದು ಆ ಅಧ್ಯಯನ ಹೇಳುವುದಿಲ್ಲ. ನಾರ್ವೆಯ ವಿಕ್ಟೋರಿಯಾ ಸ್ಟ್ರೇ ಮತ್ತು ಜೊತೆಗಾರರು ನಿಜವಾದ ತಂಡಗಳ ಸ್ಟ್ಯಾಂಡ್-ಅಪ್‌ಗಳನ್ನು ಕೂತು ಗಮನಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ತೊಡಕುಗಳನ್ನು ಪರಸ್ಪರ ಹಂಚಿಕೊಂಡು ಬಿಡಿಸಿಕೊಳ್ಳುವ ಸಭೆ ಜನರಿಗೆ ಇಷ್ಟವಾಗುತ್ತದೆ. ಮ್ಯಾನೇಜರಿಗೆ ಹಾಜರಿ ಹೇಳಿದಂತೆ ವರದಿ ಒಪ್ಪಿಸುವ ಸಭೆ ಬೇಸರ ತರಿಸುತ್ತದೆ.

ಒಲೆಯ ಮೇಲೆ ಎಷ್ಟು ಪಾತ್ರೆ?

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ಆಧಾರವಿರುವ ಸಲಹೆ ಇದು: ಏಕಕಾಲಕ್ಕೆ ಕೈಯಲ್ಲಿರುವ ಕೆಲಸಗಳನ್ನು ಕಡಿಮೆ ಮಾಡಿ. ಇದರ ಬೆನ್ನಿಗಿರುವುದು ಸಮೀಕ್ಷೆಯಲ್ಲ, ಗಣಿತ.

ಒಂದು ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳಿ. ಒಳಗೆ ಸರಾಸರಿ 30 ಜನ ಇರುತ್ತಾರೆ, ನಿಮಿಷಕ್ಕೆ ಮೂವರು ತಿಂದು ಹೊರಡುತ್ತಾರೆ. ಹಾಗಾದರೆ ಒಬ್ಬ ಗಿರಾಕಿ ಸರಾಸರಿ ಎಷ್ಟು ಹೊತ್ತು ಒಳಗಿರುತ್ತಾನೆ? ಹತ್ತು ನಿಮಿಷ. ಅವರು ಇಡ್ಲಿ ತಿಂದರೋ ಮಸಾಲೆ ದೋಸೆ ತಿಂದರೋ ಎಂಬುದು ಈ ಲೆಕ್ಕಕ್ಕೆ ಬೇಕಿಲ್ಲ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕನ್ ವಿದ್ವಾಂಸರು ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಇಂದು ಇದಕ್ಕೆ ಲಿಟಲ್ ನಿಯಮ ಎಂದೇ ಹೆಸರು. ಬರುವವರ ಮತ್ತು ಹೋಗುವವರ ಸಂಖ್ಯೆ ದೀರ್ಘಾವಧಿಯಲ್ಲಿ ಸರಿಸಮವಾಗಿದ್ದರೆ ಸಾಕು, ನಿಯಮ ಅನ್ವಯಿಸುತ್ತದೆ.

ಇದನ್ನೇ ತಂಡಕ್ಕೆ ಹಚ್ಚಿ ನೋಡೋಣ. ಒಂದು ತಂಡದ ಬೋರ್ಡಿನಲ್ಲಿ 20 ಟಿಕೆಟ್‌ಗಳು 'ನಡೆಯುತ್ತಿದೆ' ಎಂಬ ಪಟ್ಟಿಯಲ್ಲಿವೆ, ವಾರಕ್ಕೆ ನಾಲ್ಕು ಮುಗಿಯುತ್ತವೆ. ಒಂದು ಟಿಕೆಟ್ ಶುರುವಾದ ಮೇಲೆ ಮುಗಿಯಲು ಸರಾಸರಿ ಐದು ವಾರ. ಈಗ ಅದೇ ತಂಡ, ಒಂದು ಸಲಕ್ಕೆ ಎಂಟಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ನಿಶ್ಚಯಿಸಿತು ಎನ್ನೋಣ. ವಾರಕ್ಕೆ ಮುಗಿಯುವುದು ಮೊದಲಿನಂತೆ ನಾಲ್ಕೇ ಆದರೂ ಒಂದೊಂದಕ್ಕೆ ಹಿಡಿಯುವ ಕಾಲ ಎರಡೇ ವಾರ. ಯಾರೂ ಹೆಚ್ಚು ವೇಗವಾಗಿ ಟೈಪ್ ಮಾಡಲಿಲ್ಲ, ಯಾರೂ ಶನಿವಾರ ಕೂರಲಿಲ್ಲ. ಇದರಿಂದ ತಪ್ಪು ದಾರಿ ಹಿಡಿದದ್ದು ಐದು ವಾರಗಳ ಬದಲು ಎರಡು ವಾರಕ್ಕೇ ಗೊತ್ತಾಗುತ್ತದೆ. ನಮ್ಮ ಮಟ್ಟಿಗೆ ದೊಡ್ಡ ಲಾಭ ಅದೇ.

ಮ್ಯಾನೇಜರುಗಳು ಇದಕ್ಕೆ ಒಪ್ಪುವುದು ಕಷ್ಟ. ಟಿಕೆಟ್ ಹಿಡಿಯದೆ ಯಾರಾದರೂ ಒಂದು ಗಳಿಗೆ ಖಾಲಿ ಕೂತರೆ ಸಂಬಳ ದಂಡವಾಯಿತು ಎಂಬ ಭಾವನೆ. ಸಾಲಿನ ಗಣಿತದ ಅತಿ ಸರಳ ಮಾದರಿ ಬೇರೆಯದನ್ನೇ ಹೇಳುತ್ತದೆ. ಕೆಲಸಗಳು ಯಾವಾಗೆಂದರೆ ಆವಾಗ ಬರುತ್ತವೆ, ಒಂದೊಂದಕ್ಕೆ ಹಿಡಿಯುವ ಸಮಯವೂ ಏರುಪೇರಾಗಿದೆ ಎಂದಿಟ್ಟುಕೊಳ್ಳಿ. ದಿನದ 80% ಹೊತ್ತು ಕೆಲಸದಲ್ಲಿ ಮುಳುಗಿರುವವರ ಮುಂದೆ ಹೊಸ ಕೆಲಸವೊಂದು ತನ್ನ ಸರದಿಗಾಗಿ ಕಾಯುವ ಅವಧಿ, ಒಂದು ಸರಾಸರಿ ಕೆಲಸಕ್ಕೆ ಹಿಡಿಯುವ ಸಮಯದ ನಾಲ್ಕು ಪಟ್ಟು. 90% ಆದರೆ ಒಂಬತ್ತು ಪಟ್ಟು. 95% ಆದರೆ 19 ಪಟ್ಟು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಸಿಕ್ಕಿಹಾಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಪೂರ್ತಿ ಬಳಕೆಯಾದಾಗಲೇ ಗಾಡಿಗಳು ನಿಂತುಬಿಡುವುದು.

ಇಲ್ಲೊಂದು ಮಿಥ್ಯೆಯನ್ನೂ ತೆಗೆದಿಡಬೇಕು. 'ಜೊತೆಗೆ ಹಿಡಿದ ಪ್ರತಿ ಹೆಚ್ಚುವರಿ ಪ್ರಾಜೆಕ್ಟಿಗೂ 20% ಸಮಯ ವ್ಯರ್ಥ' ಎಂಬ ಕೋಷ್ಟಕ ತರಬೇತಿಯ ಸ್ಲೈಡುಗಳಲ್ಲಿ ಓಡಾಡುತ್ತಿರುತ್ತದೆ. ಅದು ಜೆರಾಲ್ಡ್ ವೈನ್‌ಬರ್ಗ್ ಅವರು ಪುಸ್ತಕವೊಂದರಲ್ಲಿ ಕೊಟ್ಟ ಅಂದಾಜು ಸೂತ್ರ. ಅಳೆದು ಬಂದ ಅಂಕಿ ಅಲ್ಲ. ಆದರೆ ಕೆಲಸದಿಂದ ಕೆಲಸಕ್ಕೆ ಜಿಗಿದಾಗ ಮನಸ್ಸಿನ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತದೆ ಎಂಬುದನ್ನು ಸೋಫಿ ಲೆರಾಯ್ 2009ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ನಷ್ಟ ಇರುವುದು ನಿಜ, 20 ಎಂಬ ಸಂಖ್ಯೆಗೆ ಮಾತ್ರ ಆಧಾರವಿಲ್ಲ.

'ಎಷ್ಟು ದಿನ ಬೇಕು?'

1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ನಮಗೆ ಬಹಳ ಇಷ್ಟ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ 33.9 ದಿನ. 'ಎಲ್ಲವೂ ಕೆಟ್ಟದಾಗಿಯೇ ನಡೆದರೆ?' ಎಂದು ಕೇಳಿದಾಗ 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಅತಿ ಕೆಟ್ಟ ಪರಿಸ್ಥಿತಿಯನ್ನು ಊಹಿಸಿದಾಗಲೂ ನಮ್ಮ ಊಹೆ ಸಾಲುವುದಿಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ 'ಯೋಜನಾ ಭ್ರಮೆ' ಎಂಬರ್ಥದ ಹೆಸರು ಕೊಟ್ಟಿದ್ದರು. ಮನೆ ಕಟ್ಟಿಸಿ ನೋಡಿದವರಿಗೆ ಹೆಸರು ಹೊಸತಾಗಿರಬಹುದು, ಅನುಭವ ಹಳೆಯದು.

ಸಾಫ್ಟ್‌ವೇರಿನಲ್ಲೂ ಕತೆ ಇದೇ. ನಾರ್ವೆಯ ಮೊಲೋಕೆನ್ ಮತ್ತು ಯೋರ್ಗೆನ್‌ಸೆನ್ 2003ರಲ್ಲಿ ಹಿಂದಿನ ಸಮೀಕ್ಷೆಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, ಹೆಚ್ಚಿನ ಪ್ರಾಜೆಕ್ಟುಗಳು ಅಂದಾಜನ್ನು ಮೀರಿದ್ದವು, ಮೀರಿದ ಪ್ರಮಾಣ ಸರಾಸರಿ 30ರಿಂದ 40%. ಇದಕ್ಕಿಂತ ಹೆಚ್ಚು ಪ್ರಚಾರ ಪಡೆದದ್ದು 1994ರ ಒಂದು ಖಾಸಗಿ ವರದಿಯ 189% ಎಂಬ ಅಂಕಿ. ಆ ಅಂಕಿಯನ್ನು ಲೆಕ್ಕಹಾಕಿದ ವಿಧಾನವನ್ನೇ ಯೋರ್ಗೆನ್‌ಸೆನ್ ತೀವ್ರವಾಗಿ ಪ್ರಶ್ನಿಸಿದ್ದಾರೆ. ಅವರದೇ ಇನ್ನೊಂದು ಸಾಲಿನ ಪ್ರಯೋಗಗಳು ತೋರಿಸಿದ್ದು ಇದು: ಗ್ರಾಹಕನ ನಿರೀಕ್ಷೆಯ ಸಂಖ್ಯೆಯೊಂದು ಕಿವಿಗೆ ಬಿದ್ದರೆ ಸಾಕು, ಅದಕ್ಕೆ ಬೆಲೆ ಕೊಡಬೇಡಿ ಎಂದು ಹೇಳಿದರೂ ಎಂಜಿನಿಯರುಗಳ ಅಂದಾಜು ಅದರತ್ತ ವಾಲುತ್ತದೆ. 'ಎರಡು ವಾರದಲ್ಲಿ ಆಗತ್ತಲ್ವಾ?' ಎಂದು ಕೇಳುವ ಮ್ಯಾನೇಜರ್ ಅಂದಾಜನ್ನು ಕೇಳುತ್ತಿಲ್ಲ, ಅದನ್ನು ತಾನೇ ಕೊಡುತ್ತಿದ್ದಾನೆ.

ಈ ತೊಂದರೆಯಿಂದ ಪಾರಾಗಲು ಅಜೈಲ್ ತಂಡಗಳು ದಿನಗಳ ಬದಲು 'ಸ್ಟೋರಿ ಪಾಯಿಂಟ್' ಎಣಿಸುತ್ತವೆ. 1, 2, 3, 5, 8, 13 ಎಂಬ ಫಿಬೊನಾಚಿ ಸರಣಿಯ ಇಸ್ಪೀಟು ಕಾರ್ಡುಗಳನ್ನು ಎಲ್ಲರೂ ಒಟ್ಟಿಗೆ ತಿರುಗಿಸುವುದು ವಾಡಿಕೆ. (ಈ ಸರಣಿಯನ್ನು ಫಿಬೊನಾಚಿಗಿಂತ ಮೊದಲೇ ಛಂದಸ್ಸಿನ ಲೆಕ್ಕದಲ್ಲಿ ನಮ್ಮ ಹೇಮಚಂದ್ರ ವಿವರಿಸಿದ್ದ.) ಎಲ್ಲರೂ ಒಟ್ಟಿಗೆ ತಿರುಗಿಸುವುದರಲ್ಲಿ ಒಂದು ಜಾಣತನವಿದೆ. ಹಿರಿಯರ ಸಂಖ್ಯೆ ಕಿರಿಯರ ಕಿವಿಗೆ ಮೊದಲೇ ಬೀಳುವುದಿಲ್ಲ. ಆದರೆ ಆ ಪಾಯಿಂಟುಗಳ ಮೊತ್ತವನ್ನೇ ತಂಡದ ವೇಗವೆಂದು ಮೇಲಿನವರಿಗೆ ಕಳಿಸಲು ಶುರುಮಾಡಿದ ದಿನವೇ ಅಳತೆ ಕೆಡುತ್ತದೆ. ನಿನ್ನೆ ಮೂರು ಪಾಯಿಂಟಿನ ಕೆಲಸ ಇಂದು ಐದಾಗುತ್ತದೆ, ಗ್ರಾಫ್ ಮೇಲೇರುತ್ತದೆ, ಸಾಫ್ಟ್‌ವೇರ್ ಇದ್ದಲ್ಲೇ ಇರುತ್ತದೆ. ಅಳತೆಗೋಲೇ ಗುರಿಯಾದರೆ ಅಳತೆಗೆ ಅರ್ಥ ಉಳಿಯದು ಎಂಬ ಈ ವಿಚಾರ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿದೆ. ಸ್ಟೋರಿ ಪಾಯಿಂಟನ್ನು ತಾವೇ ಹುಟ್ಟುಹಾಕಿರಬಹುದು ಎನ್ನುವ ರಾನ್ ಜೆಫ್ರೀಸ್ ಕೂಡ ಅದು ಬಳಕೆಯಾಗುತ್ತಿರುವ ರೀತಿ ನೋಡಿ ವಿಷಾದಿಸಿದ್ದಾರೆ.

ಪುರಾವೆ ಒಲಿಯುವುದು ಊಹೆಗಿಂತ ಹಳೆಯ ದಾಖಲೆಯ ಕಡೆಗೆ. ಇಂಥದೇ ಕೆಲಸ ಹಿಂದೆ ನಿಜವಾಗಿ ಎಷ್ಟು ದಿನ ಹಿಡಿದಿತ್ತು ಎಂದು ನೋಡಿ, ಅಲ್ಲಿಂದ ಎಣಿಕೆ ಶುರುಮಾಡುವುದು.

'ಆಗಲ್ಲ ಸಾರ್' ಎನ್ನಲು ಆಗುತ್ತದೆಯೇ?

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರಬೇಕೆಂಬುದು ನಿರೀಕ್ಷೆ. ಸಿಕ್ಕಿದ್ದು ತಿರುಗಾಮುರುಗಾ. ಉತ್ತಮ ಹೊಂದಾಣಿಕೆಯ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕೆದಕಿ ನೋಡಿದಾಗ ತಿಳಿದದ್ದು, ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಮುಚ್ಚಿಡುತ್ತಿರಲಿಲ್ಲ. 1999ರಲ್ಲಿ ಅವರು ಒಂದು ಉತ್ಪಾದನಾ ಕಂಪನಿಯ 51 ತಂಡಗಳಲ್ಲಿ ಇದನ್ನು ಅಳೆದು, 'ಮಾನಸಿಕ ಸುರಕ್ಷತೆ' ಇರುವ ತಂಡಗಳು ಹೆಚ್ಚು ಕಲಿಯುತ್ತವೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತವೆ ಎಂದು ತೋರಿಸಿದರು. ಮುಂದೆ ಗೂಗಲ್ ತನ್ನ 180 ತಂಡಗಳನ್ನು ಪರಿಶೀಲಿಸಿದಾಗಲೂ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ ಗುಣ. ತಂಡದಲ್ಲಿ ಯಾರು ಯಾರು ಇದ್ದಾರೆ ಎಂಬುದಕ್ಕಿಂತ ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಹೆಚ್ಚು ತೂಗಿತು.

ಇದನ್ನು 'ಎಲ್ಲರೂ ನಗುನಗುತ್ತಾ ಇರುವುದು' ಎಂದು ತಿಳಿಯಬಾರದು. 'ಈ ಡಿಸೈನ್ ನಡೆಯಲ್ಲ', 'ನನಗೆ ಇದು ಅರ್ಥವಾಗಲಿಲ್ಲ', 'ಶುಕ್ರವಾರಕ್ಕೆ ಆಗಲ್ಲ ಸಾರ್' ಎಂದವರ ಮೇಲೆ ವರ್ಷದ ಅಪ್ರೈಸಲ್‌ನಲ್ಲಿ ಅದು ತಿರುಗಿ ಬೀಳದಿರುವುದು ಎಂದು ಅರ್ಥ. ಹಿರಿಯರ ಎದುರು ಇಲ್ಲ ಎನ್ನಬಾರದೆಂದು ಚಿಕ್ಕಂದಿನಿಂದ ಕಲಿತು ಬಂದ ನಮ್ಮಲ್ಲಿ ಇದು ಸುಲಭವಲ್ಲ. ಗ್ರಾಹಕ ಸಾಗರದಾಚೆ ಇದ್ದು, ಮಾತು ಇಂಗ್ಲಿಷಿನಲ್ಲೇ ನಡೆಯಬೇಕಾದಾಗ ಇನ್ನೂ ಕಷ್ಟ. ಹಾಸನದ ಅಥವಾ ಕಲಬುರಗಿಯ ಕಾಲೇಜಿನಿಂದ ಹೊಸದಾಗಿ ಬಂದ ಹುಡುಗಿಗೆ ಬಗ್ ಕಂಡಿದೆ, ಆದರೆ ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ. ಆ ಬಗ್ ಮೂರು ತಿಂಗಳ ಮೇಲೆ ಗ್ರಾಹಕನ ಕಣ್ಣಿಗೆ ಬೀಳುತ್ತದೆ.

'ರೆಟ್ರೊ', ಅಂದರೆ ಎರಡು ವಾರಕ್ಕೊಮ್ಮೆ ಹಿಂತಿರುಗಿ ನೋಡುವ ಸಭೆ, ಇಲ್ಲಿ ನೆರವಾಗಬಲ್ಲದು. ಟ್ಯಾನನ್‌ಬಾಮ್ ಮತ್ತು ಸೆರಸೋಲಿ 2013ರಲ್ಲಿ 46 ಮಾದರಿಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಕೆಲಸದ ನಂತರ ಕ್ರಮಬದ್ಧವಾಗಿ ಅವಲೋಕನ ನಡೆಸಿದವರ ಸಾಧನೆ ನಡೆಸದವರಿಗಿಂತ ಸರಾಸರಿ 20ರಿಂದ 25% ಉತ್ತಮವಾಗಿತ್ತು. ಸಾಫ್ಟ್‌ವೇರ್ ತಂಡಗಳಿಗಷ್ಟೇ ಸೀಮಿತವಾದ ಅಂಕಿ ಇದಲ್ಲ, ಹಾಗಾಗಿ ಯಥಾವತ್ತಾಗಿ ಎತ್ತಿಕೊಳ್ಳುವುದು ಬೇಡ. ಸಭೆಯ ಕ್ರಮ ಹೇಗಿರಬೇಕೆಂಬುದಕ್ಕೂ ಹಳೆಯದೊಂದು ಸುಳಿವಿದೆ. ಗುಂಪಾಗಿ ಕೂತು ಮಾತಾಡುತ್ತಾ ವಿಚಾರ ಹುಡುಕುವುದಕ್ಕಿಂತ, ಒಬ್ಬೊಬ್ಬರೇ ಬರೆದು ಆಮೇಲೆ ಸೇರಿಸಿದರೆ ಹೆಚ್ಚು ವಿಚಾರಗಳು ಸಿಗುತ್ತವೆ ಎಂದು ಡೀಲ್ ಮತ್ತು ಸ್ಟ್ರೋಬ 1987ರಲ್ಲಿ ತೋರಿಸಿದ್ದರು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುತ್ತಾ ಹೇಳಬೇಕೆಂದಿದ್ದು ಮರೆತುಹೋಗುತ್ತದೆ. ಮೊದಲ ಹತ್ತು ನಿಮಿಷ ಮೌನವಾಗಿ ಚೀಟಿಯಲ್ಲಿ ಬರೆಯುವುದರಿಂದ, ಜೋರು ದನಿಯವರದ್ದೇ ಸಭೆಯಾಗುವುದು ತಪ್ಪುತ್ತದೆ.

ಕೋಡ್ ಬರೆಯುವ ಪದ್ಧತಿಗಳು

ಇಲ್ಲಿ ಫಲಿತಾಂಶ ಮಿಶ್ರ. ಮೊದಲು ಪರೀಕ್ಷೆ ಬರೆದು ನಂತರ ಕೋಡ್ ಬರೆಯುವ ಟಿಡಿಡಿ ಪದ್ಧತಿಯನ್ನು ಮೈಕ್ರೋಸಾಫ್ಟ್ ಮತ್ತು ಐಬಿಎಂನ ನಾಲ್ಕು ತಂಡಗಳಲ್ಲಿ ನೋಡಿದ 2008ರ ಅಧ್ಯಯನದಲ್ಲಿ, ಬಿಡುಗಡೆಗೆ ಮುಂಚಿನ ದೋಷಗಳು 40ರಿಂದ 90% ಇಳಿದಿದ್ದವು. ಶುರುವಿನ ಕೆಲಸದ ಸಮಯ 15ರಿಂದ 35% ಹೆಚ್ಚಿತ್ತು. ಆದರೆ 2017ರಲ್ಲಿ ದಾವಿದೆ ಫುಚ್ಚಿ ಮತ್ತಿತರರು 39 ವೃತ್ತಿಪರರ ಕೆಲಸವನ್ನು ಹಂತಹಂತವಾಗಿ ಬಿಡಿಸಿ ನೋಡಿದಾಗ, ಪರೀಕ್ಷೆ ಮೊದಲೋ ಕೋಡ್ ಮೊದಲೋ ಎಂಬ ಅನುಕ್ರಮ ಅಷ್ಟೇನೂ ಮುಖ್ಯವೆನಿಸಲಿಲ್ಲ. ಲಾಭವಿದ್ದದ್ದು ಸಣ್ಣ ಸಣ್ಣ, ಸಮನಾದ ಹೆಜ್ಜೆಗಳಲ್ಲಿ ಮುಂದುವರಿಯುವುದರಲ್ಲಿ.

ಇಬ್ಬರು ಒಂದೇ ಪರದೆಯ ಮುಂದೆ ಕೂತು ಬರೆಯುವ ಜೋಡಿ ಪ್ರೋಗ್ರಾಮಿಂಗ್ ಬಗ್ಗೆ 2009ರಲ್ಲಿ ನಡೆದ ಒಟ್ಟು ವಿಶ್ಲೇಷಣೆ, ಗುಣಮಟ್ಟದಲ್ಲಿ ಸಣ್ಣ ಏರಿಕೆ ಇದೆ, ಕೆಲಸ ಬೇಗ ಮುಗಿಯುತ್ತದೆ, ಆದರೆ ಒಟ್ಟು ಮಾನವ ಗಂಟೆಗಳು ಹೆಚ್ಚು ಖರ್ಚಾಗುತ್ತವೆ ಎಂದಿತು. ಕಠಿಣ ಕೆಲಸಕ್ಕೆ, ಹೊಸಬರಿಗೆ ಕಲಿಸಲು ಇರಲಿ, ದಿನವಿಡೀ ಬೇಡ ಎಂಬುದು ನಮ್ಮ ಅಭಿಪ್ರಾಯ. ಕೋಡ್ ರಿವ್ಯೂ ಬಗ್ಗೆ ಮೈಕ್ರೋಸಾಫ್ಟಿನಲ್ಲಿ 2013ರಲ್ಲಿ ಕಂಡುಬಂದದ್ದು ಇದು: ಎಲ್ಲರೂ ನಿರೀಕ್ಷಿಸುವುದು ದೋಷ ಪತ್ತೆಯನ್ನು, ನಿಜವಾಗಿ ಹೆಚ್ಚು ಸಿಗುವುದು ಪರಸ್ಪರ ತಿಳಿವಳಿಕೆ.

ತಂಡ ಬೇರೆ ಬೇರೆ ದೇಶಗಳಲ್ಲಿ ಹಂಚಿಹೋದರೆ ಗುಣಮಟ್ಟ ಕೆಡುತ್ತದೆ ಎಂಬ ಮಾತನ್ನು ಬೆಂಗಳೂರಿನವರು ಆಗಾಗ ಕೇಳಬೇಕಾಗುತ್ತದೆ. ವಿಂಡೋಸ್ ವಿಸ್ತಾದ ಮೇಲಿನ 2009ರ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಖಂಡಾಂತರ ಹಂಚಿಹೋದ ತಂಡಗಳ ಭಾಗಗಳಿಗೂ ಒಂದೇ ಕಟ್ಟಡದಲ್ಲಿ ತಯಾರಾದ ಭಾಗಗಳಿಗೂ ಬಿಡುಗಡೆಯ ನಂತರದ ದೋಷಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅದೇ ವಿಸ್ತಾದ ಮೇಲೆ ಒಂದು ವರ್ಷ ಮೊದಲು ನಡೆದ ಅಧ್ಯಯನ ಬೊಟ್ಟು ಮಾಡಿದ್ದು ಸಂಸ್ಥೆಯ ರಚನೆಯನ್ನು. ಎಷ್ಟು ಜನ ಆ ಕೋಡನ್ನು ಮುಟ್ಟಿದರು, ಎಷ್ಟು ಜನ ಬಿಟ್ಟುಹೋದರು, ಮಾಲೀಕತ್ವ ಎಷ್ಟು ವಿಭಾಗಗಳಲ್ಲಿ ಚದುರಿತ್ತು ಎಂಬ ಅಂಶಗಳು ಕೋಡಿನ ಜಟಿಲತೆಗಿಂತ ಚೆನ್ನಾಗಿ ದೋಷಗಳನ್ನು ಮುನ್ಸೂಚಿಸಿದವು.

ಗಂಟೆ ಹೆಚ್ಚಿಸಿದರೆ?

2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ ಸಹ ಸಂಸ್ಥಾಪಕ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಮರುವರ್ಷ ಕರ್ನಾಟಕದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾಪದ ಸುದ್ದಿ ಬಂದು, ನೌಕರರ ಸಂಘಟನೆ ತೀವ್ರವಾಗಿ ವಿರೋಧಿಸಿತು. ಈ 70ರ ಬಗ್ಗೆಯೇ ಅಂಕಿಯಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ 2014ರಲ್ಲಿ ವಿಶ್ಲೇಷಿಸಿದರು. ವಾರಕ್ಕೆ 49 ಗಂಟೆಗಳವರೆಗೆ ಉತ್ಪನ್ನ ಗಂಟೆಗೆ ತಕ್ಕಂತೆ ಏರಿತು, ಆಮೇಲೆ ಏರಿಕೆ ಕುಗ್ಗುತ್ತಾ ಹೋಯಿತು. 70 ಗಂಟೆ ದುಡಿದವರ ಉತ್ಪನ್ನಕ್ಕೂ 56 ಗಂಟೆ ದುಡಿದವರದ್ದಕ್ಕೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ.

ಗುಂಡು ತಯಾರಿಕೆ ಬೇರೆ, ಕೋಡ್ ಬರೆಯುವುದು ಬೇರೆ ಎನ್ನಬಹುದು. ಸರಿ, 2018ರಲ್ಲಿ 45 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಕೋಡ್ ಬಗ್ಗೆಯೇ ಇತ್ತು. ಒಂದೇ ಒಂದು ರಾತ್ರಿ ನಿದ್ದೆಗೆಟ್ಟವರ ಕೋಡಿನ ಗುಣಮಟ್ಟ, ಮಲಗಿ ಬಂದವರದ್ದರ ಅರ್ಧದಷ್ಟಕ್ಕೆ ಇಳಿದಿತ್ತು.

ಇನ್ನು ತಡವಾದ ಪ್ರಾಜೆಕ್ಟಿಗೆ ಜನರನ್ನು ತುಂಬುವ ಉಪಾಯ. ಐಬಿಎಂನ ಅನುಭವದಿಂದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು: ಹೊಸಬರಿಗೆ ಹಳಬರು ಕಲಿಸಬೇಕು, ಆ ಹೊತ್ತು ಕೆಲಸದಿಂದಲೇ ಹೋಗಬೇಕು, ಪ್ರಾಜೆಕ್ಟ್ ಇನ್ನಷ್ಟು ತಡವಾಗುತ್ತದೆ.

ಕಟ್ಟುತ್ತಿರುವುದು ಯಾರಿಗೆ?

ಕ್ರಿಶ್ಚಿಯಾನ್ ಫರ್ವೈಸ್ ಮತ್ತು ಡೇನಿಯಲ್ ರುಸ್ಸೊ ಸುಮಾರು ಎರಡು ಸಾವಿರ ಸ್ಕ್ರಮ್ ತಂಡಗಳ ಐದು ಸಾವಿರದಷ್ಟು ಸದಸ್ಯರ ಉತ್ತರಗಳನ್ನು ವಿಶ್ಲೇಷಿಸಿದ್ದಾರೆ. ಈ ವಿಷಯದಲ್ಲಿ ಈವರೆಗಿನ ದೊಡ್ಡ ಅಧ್ಯಯನಗಳಲ್ಲಿ ಇದೊಂದು, ಪ್ರಶ್ನಾವಳಿಯ ಮಿತಿಗಳು ಇದಕ್ಕೂ ಇವೆ. ಪರಿಣಾಮಕಾರಿ ತಂಡಗಳಲ್ಲಿ ಎದ್ದು ಕಂಡದ್ದು ಎರಡು: ಬಳಸುವವರ ಬೇಕುಬೇಡಗಳ ಕಾಳಜಿ, ಮತ್ತು ಬೇಗ ಬೇಗ ಬಿಡುಗಡೆ ಮಾಡುವ ಸಾಮರ್ಥ್ಯ. ಇವಕ್ಕೆ ಬೆಂಬಲವಾಗಿ ನಿಲ್ಲುವುದು ತಂಡದ ಸ್ವಾಯತ್ತತೆ, ನಿರಂತರ ಸುಧಾರಣೆ ಮತ್ತು ಮೇಲಿನವರ ಆಸರೆ.

ಬಳಸುವವರ ಬಳಿ ಹೋಗಿ ನೋಡುವುದು ಯಾಕೆ ಅಷ್ಟು ಮುಖ್ಯ? ಮೈಕ್ರೋಸಾಫ್ಟಿನಲ್ಲಿ ರಾನ್ ಕೊಹಾವಿ ಮತ್ತು ಸಂಗಡಿಗರು ಹೊಸ ವೈಶಿಷ್ಟ್ಯಗಳನ್ನು ಬಳಕೆದಾರರ ಒಂದು ಪಾಲಿಗೆ ಮಾತ್ರ ಕೊಟ್ಟು, ಉಳಿದವರೊಂದಿಗೆ ಹೋಲಿಸಿ ಅಳೆದರು. ಉದ್ದೇಶಿಸಿದ ಸುಧಾರಣೆ ತಂದದ್ದು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಇನ್ನೊಂದು ಪಾಲಿನಿಂದ ಏನೂ ಆಗಲಿಲ್ಲ, ಉಳಿದದ್ದು ಹಾನಿಯನ್ನೇ ಮಾಡಿತು. ಇವೆಲ್ಲ ಪರಿಣತರು ಒಳ್ಳೆಯದೆಂದು ನಂಬಿ ಕಟ್ಟಿದವೇ.

ನಿಮ್ಮ ತಂಡದಲ್ಲಿ ಇದನ್ನೆಲ್ಲ ಪರೀಕ್ಷಿಸಲು ಸಲಹೆಗಾರರನ್ನು ಕರೆಸಬೇಕಿಲ್ಲ. ಕಳೆದ 30 ಟಿಕೆಟ್‌ಗಳು ಶುರುವಾದ ದಿನ, ಬಳಸುವವರ ಕೈಗೆ ತಲುಪಿದ ದಿನ, ಎರಡನ್ನೂ ಜಿರಾದಿಂದ ತೆಗೆದು ಬರೆದುಕೊಳ್ಳಿ. ಏಕಕಾಲದ ಕೆಲಸಗಳಿಗೆ ಒಂದು ಮಿತಿ ಹಾಕಿ, ಬೇರೇನನ್ನೂ ಬದಲಿಸದೆ ಮುಂದಿನ 30 ಟಿಕೆಟ್‌ಗಳ ದಿನಗಳನ್ನು ಪಕ್ಕದಲ್ಲೇ ಬರೆಯುತ್ತಾ ಹೋಗಿ. ಆ ಪಟ್ಟಿಯನ್ನು ಯಾರ ಅಪ್ರೈಸಲ್‌ಗೂ ಕೊಡಬೇಡಿ.